ಬಯಾಲಜಿ ಡಿಗ್ರಿಗೆ 6 ಲಕ್ಷ ಸಾಲ ಮಾಡಬಹುದಾ?

"ಮಗಳಿಗೆ ಬಯಾಲಜಿ ಅಂದ್ರೆ ಪ್ರಾಣ. ನೀಟ್‌ನಲ್ಲಿ ಸೀಟು ಸಿಗಲಿಲ್ಲ. ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಬಿಎಸ್ಸಿ ಬಯೋಟೆಕ್ನಾಲಜಿ ಸೀಟು ಇದೆ. ಫೀಸು, ಹಾಸ್ಟೆಲ್ ಸೇರಿ ವರ್ಷಕ್ಕೆ 2 ಲಕ್ಷ. ಬ್ಯಾಂಕಿನವರು ಸಾಲ ಕೊಡ್ತೀವಿ ಅಂತಿದ್ದಾರೆ. ನಮ್ಮದು ಅಫಜಲಪುರ ಕಡೆ ತೊಗರಿ ಹೊಲ. ಸಾಲ ಮಾಡ್ಲೇನ್ರಿ?"

ಪಿಯುಸಿ ಮುಗಿದು, ನೀಟ್ ಫಲಿತಾಂಶ ಬಂದ ಮೇಲೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಒಮ್ಮೆ ಕಲಬುರಗಿಯಿಂದ, ಒಮ್ಮೆ ಬೀದರ್‌ನಿಂದ, ಒಮ್ಮೆ ಯಾದಗಿರಿಯಿಂದ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಯಾಲಜಿ ಓದಿಸಿ, ಖಂಡಿತ ಓದಿಸಿ. ಮೊದಲ ಡಿಗ್ರಿಗೇ 6 ಲಕ್ಷ ಸಾಲ ಮಾತ್ರ ಬೇಡ.

ಬ್ಯಾಂಕಿನ ಲೆಕ್ಕ ನೋಡೋಣ. ಬಡ್ಡಿ 10 ಪರ್ಸೆಂಟ್ ಅಂತ ಹಿಡಿಯಿರಿ. ಓದುವ 3 ವರ್ಷ, ಮುಗಿದ ಮೇಲೆ ಇನ್ನೊಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಸುಮ್ನೆ ಕೂತಿರುವುದಿಲ್ಲ. ಮೊದಲ ವರ್ಷದ 2 ಲಕ್ಷಕ್ಕೆ 4 ವರ್ಷದ ಬಡ್ಡಿ 80 ಸಾವಿರ. ಎರಡನೇ ವರ್ಷದ್ದಕ್ಕೆ 60 ಸಾವಿರ, ಮೂರನೆಯದಕ್ಕೆ 40 ಸಾವಿರ. ಮೊದಲ ಕಂತಿನ ದಿನ ಸಾಲ 6 ಲಕ್ಷ ಇರುವುದಿಲ್ಲ, 7 ಲಕ್ಷ 80 ಸಾವಿರ ಆಗಿರುತ್ತದೆ. ಅದನ್ನು 10 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,300 ರೂಪಾಯಿ. ಒಟ್ಟು ಕಟ್ಟುವುದು 12 ಲಕ್ಷ 37 ಸಾವಿರದ ಹತ್ತಿರ. ಕಂತು ಜಾಸ್ತಿ ಆಯ್ತು ಅಂತ 15 ವರ್ಷಕ್ಕೆ ಎಳೆದರೆ ತಿಂಗಳಿಗೆ 8,400ಕ್ಕೆ ಇಳಿಯುತ್ತದೆ, ಒಟ್ಟು ಮಾತ್ರ 15 ಲಕ್ಷ ದಾಟುತ್ತದೆ.

ಇದನ್ನೇ ಗಂಜಿನ, ಅಂದರೆ ಎಪಿಎಂಸಿ ಮಾರುಕಟ್ಟೆಯ, ಪಟ್ಟಿಯ ಹಿಂಬದಿಗೆ ಬರೆದು ನೋಡಿ. ತೊಗರಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ವರ್ಷದ ಕಂತು ಅಂದರೆ ಹದಿನೈದೂವರೆ ಕ್ವಿಂಟಲ್ ತೊಗರಿ. ಎಕರೆಗೆ 4 ಕ್ವಿಂಟಲ್ ಬಂದರೂ ಹತ್ತಿರ ಹತ್ತಿರ 4 ಎಕರೆಯ ಪೂರ್ತಿ ಬೆಳೆ. ಬೀಜ, ಗೊಬ್ಬರ, ಕೂಲಿ ಕಳೆಯದೆ ಹೇಳುತ್ತಿದ್ದೇನೆ. ಅದೂ 10 ವರ್ಷ, ಒಂದು ವರ್ಷವೂ ನೆಟೆ ರೋಗ ಬರದಂತೆ. ನೆಟೆ ಬಿದ್ದ ಹೊಲ ಹೂ-ಕಾಯಿ ಹೊತ್ತಿನಲ್ಲಿ ಹೇಗೆ ಒಣಗಿ ನಿಲ್ಲುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಕಂತು ಮಗಳು ಕಟ್ಟುತ್ತಾಳೆ, ಹೊಲ ಯಾಕೆ ಅಂತೀರಾ? ಹಾಗಾದರೆ ಅವಳ ಸಂಬಳ ನೋಡೋಣ. ಬರೀ ಬಿಎಸ್ಸಿ ಮುಗಿಸಿ ಬಂದವಳಿಗೆ ಲ್ಯಾಬಿನಲ್ಲೋ ಔಷಧ ಕಂಪನಿಯಲ್ಲೋ ಮೊದಲ ಕೆಲಸ 18 ಸಾವಿರದ್ದು ಸಿಕ್ಕಿತು ಅಂತ ಹಿಡಿಯೋಣ. ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ತನ್ನ ಮೊಬೈಲ್ ನನ್ನ ಮುಂದೆ ಹಿಡಿದಿದ್ದಳು. 5ನೇ ತಾರೀಖು ಸಂಬಳ ಬಂದ ಮೆಸೇಜು. ಅದರ ಕೆಳಗೆ 7ನೇ ತಾರೀಖು ಕಂತು ಹೋದ ಮೆಸೇಜು. ಉಳಿದದ್ದರಲ್ಲಿ ಪಿಜಿ ಬಾಡಿಗೆ ಕಟ್ಟಿದರೆ ಊರಿಗೆ ಬರುವ ರೈಲು ಟಿಕೆಟ್‌ಗೂ ಅಪ್ಪನಿಗೇ ಫೋನ್. ಎಂಎಸ್ಸಿ ಮಾಡಬೇಕು ಅಂತ ಆಸೆ ಇತ್ತು ಅವಳಿಗೆ. ಕಂತು ಬಿಡಲಿಲ್ಲ. ನನಗೆ ಇವತ್ತಿಗೂ ಸಂಕಟ ಆಗುವುದು ಅದಕ್ಕೇ.

ಬಯಾಲಜಿಯ ಗುಟ್ಟು ಇರುವುದೇ ಇಲ್ಲಿ. ಈ ವಿಷಯದಲ್ಲಿ ಒಳ್ಳೆ ದುಡಿಮೆ ಶುರುವಾಗುವುದು ಎರಡನೇ ಮೆಟ್ಟಿಲಿನಿಂದ. ಬಿಎಸ್ಸಿ ಮೇಲೆ ಬಿಎಡ್ ಮಾಡಿ, ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾದರೆ 6ರಿಂದ 8ನೇ ತರಗತಿಗೆ ಸರ್ಕಾರಿ ಶಿಕ್ಷಕಿ ಆಗಬಹುದು. 2022ರಲ್ಲಿ ಕರೆದ 15,000 ಹುದ್ದೆಗಳಲ್ಲಿ 5,000 ನಮ್ಮ ಕಲ್ಯಾಣ ಕರ್ನಾಟಕಕ್ಕೇ ಇದ್ದವು. ಸಂವಿಧಾನದ 371(ಜೆ) ವಿಧಿ ಇರುವುದರಿಂದ ಇಲ್ಲಿನ ಗ್ರೂಪ್ ಸಿ ಹುದ್ದೆಗಳಲ್ಲಿ 80 ಪರ್ಸೆಂಟ್ ನಮ್ಮ ಮಕ್ಕಳಿಗೆ ಮೀಸಲು. ಸಂಶೋಧನೆ ಇಷ್ಟ ಇದ್ದರೆ ಎಂಎಸ್ಸಿ ಮಾಡಿ ಸಿಎಸ್ಐಆರ್ ನೆಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಲಿ. ಅದರಲ್ಲಿ ಸಂಶೋಧಕರ ಫೆಲೋಶಿಪ್ ಆದ ಜೆಆರ್‌ಎಫ್ ಸಿಕ್ಕಿ ಪಿಎಚ್‌ಡಿಗೆ ಸೇರಿದರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್, ಜೊತೆಗೆ ಮನೆ ಬಾಡಿಗೆ ಭತ್ಯೆ. ಓದುತ್ತಲೇ ದುಡಿಮೆ ಅದು.

ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಬೀದರ್‌ನ ಕೊಳಾರ, ಯಾದಗಿರಿಯ ಕಡೇಚೂರು ಕಡೆ ಔಷಧ ಕಾರ್ಖಾನೆಗಳಿವೆ, ಬಯೋಟೆಕ್ ಓದಿದರೆ ಅಲ್ಲಿ ಕೆಲಸ ಗ್ಯಾರಂಟಿ ಅಂತ ಹೇಳುವವರಿದ್ದಾರೆ. ಅಲ್ಲಿ ನಡೆಯುವುದು ಬಹುಪಾಲು ಔಷಧದ ಕಚ್ಚಾ ರಾಸಾಯನಿಕ ತಯಾರಿ. ಬೇಡಿಕೆ ಜಾಸ್ತಿ ಕೆಮಿಸ್ಟ್ರಿಯವರಿಗೆ. ಡಿಗ್ರಿಯಲ್ಲಿ ಕೆಮಿಸ್ಟ್ರಿಯನ್ನೂ ಒಂದು ವಿಷಯವಾಗಿ ಇಟ್ಟುಕೊಂಡರೆ ಎರಡೂ ಬಾಗಿಲು ತೆರೆದಿರುತ್ತವೆ. ಆಸ್ಪತ್ರೆ ಲ್ಯಾಬ್ ಟೆಕ್ನಿಷಿಯನ್ ಕೆಲಸವೂ ಹಾಗೇ. ಅದಕ್ಕೆ ಮೆಡಿಕಲ್ ಲ್ಯಾಬ್ ಟೆಕ್ನಾಲಜಿಯ ಡಿಪ್ಲೊಮಾ ಅಥವಾ ಡಿಗ್ರಿ ಕೇಳುತ್ತಾರೆ, ಸಾದಾ ಬಿಎಸ್ಸಿ ನಡೆಯುವುದಿಲ್ಲ.

ಹಾಗಾಗಿ ಮೊದಲ ಮೆಟ್ಟಿಲು ಸೋವಿಯಲ್ಲಿ ಹತ್ತಿಸಿ. ಸರ್ಕಾರಿ ಪದವಿ ಕಾಲೇಜಿನಲ್ಲಿ ಬಾಟನಿ, ಝೂಆಲಜಿ, ಕೆಮಿಸ್ಟ್ರಿ ಓದಲು ವರ್ಷದ ಫೀಸು ಕೆಲವು ಸಾವಿರ. ಆಮೇಲೆ ಎಂಎಸ್ಸಿಗೆ 1980ರಿಂದ ಇರುವ ಗುಲಬರ್ಗಾ ವಿಶ್ವವಿದ್ಯಾಲಯ ಇದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಅದಕ್ಕೆ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಸಾಲ ಬೇಕೇ ಬೇಕು ಅನ್ನಿಸಿದರೆ ಆಗ, ಆ ಎರಡನೇ ಮೆಟ್ಟಿಲಿಗೆ ಮಾಡಿ. ನಾನು ಹಿಡಿಯುವ ಅಳತೆ ಒಂದೇ: ಒಟ್ಟು ಸಾಲ ಮೊದಲ ವರ್ಷದ ಸಂಬಳ ದಾಟಬಾರದು. ತಿಂಗಳಿಗೆ 18 ಸಾವಿರ ಅಂದರೆ ವರ್ಷಕ್ಕೆ 2 ಲಕ್ಷ 16 ಸಾವಿರ. ಅಲ್ಲಿಗೆ ನಿಲ್ಲಿಸಿ.

"ಆಸ್ತಿ ಅಡ ಇಡೋದು ಬೇಡವಂತೆ, ಅದಕ್ಕೇನ್ ಭಯ?" ಅಂತಲೂ ಕೇಳುತ್ತಾರೆ. ನಿಜ, ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಅಡಮಾನ ಕೇಳುವುದಿಲ್ಲ. ಆದರೆ ಸಾಲದ ಪತ್ರದಲ್ಲಿ ಅಪ್ಪನೂ ಜೊತೆ ಸಾಲಗಾರ. ಕಂತು ತಪ್ಪಿದರೆ ಸಾಲ ಸರಿಯಾಗಿ ತೀರಿಸುತ್ತಾನಾ ಅಂತ ಬ್ಯಾಂಕು ನೋಡುವ ಅವನ ಸಿಬಿಲ್ ಸ್ಕೋರೂ ಕೆಡುತ್ತದೆ, ನಾಳೆ ಟ್ರ್ಯಾಕ್ಟರ್‌ಗೋ ಬೋರ್‌ವೆಲ್‌ಗೋ ಬ್ಯಾಂಕಿಗೆ ಹೋದಾಗ ಅದೇ ಅಡ್ಡ ಬರುತ್ತದೆ. ಸರ್ಕಾರ ಮನ್ನಾ ಮಾಡುತ್ತದೆ ಅಂತಲೂ ಕಾಯಬೇಡಿ. 2018ರಲ್ಲಿ ಮನ್ನಾ ಆದದ್ದು ಬೆಳೆಸಾಲ, ಓದಿನ ಸಾಲ ಅಲ್ಲ.

ಸೀಟು ಈಗಾಗಲೇ ತೆಗೆದುಕೊಂಡು, ಸಾಲವೂ ಆಗಿಹೋಗಿದ್ದರೆ ಓದುವಾಗಲೇ ತಿಂಗಳ ಬಡ್ಡಿಯಷ್ಟನ್ನಾದರೂ ಕಟ್ಟುತ್ತಾ ಬನ್ನಿ. ಹಾಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿಯಲ್ಲಿ 1 ಪರ್ಸೆಂಟ್ ಬಿಡುತ್ತವೆ, ಹೆಣ್ಣುಮಕ್ಕಳಿಗೆ ಇನ್ನೂ ಅರ್ಧ ಪರ್ಸೆಂಟ್ ಬಿಡುವ ಬ್ಯಾಂಕುಗಳೂ ಇವೆ. ಕೇಳದೆ ಯಾರೂ ಹೇಳುವುದಿಲ್ಲ, ಮ್ಯಾನೇಜರನ್ನು ಬಾಯಿಬಿಟ್ಟು ಕೇಳಿ.

ಇನ್ನೂ ಸೇರಿಸಿಲ್ಲ ಅಂದರೆ ಈ ವಾರ ಬ್ಯಾಂಕಿಗೆ ಹೋಗುವ ಬದಲು ನಾಡಕಚೇರಿಗೆ ಹೋಗಿ, ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಇದೆಯಾ ನೋಡಿಸಿ. ಸರ್ಕಾರಿ ಹಾಸ್ಟೆಲ್‌ಗೂ ಅದು ಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ-ವಸತಿಗೆ 10 ತಿಂಗಳು ಹಣ ಕೊಡುವ ವಿದ್ಯಾಸಿರಿಗೂ ಅದೇ ಬೇಕು.