ಮಿದುಳಿನ ರಕ್ತನಾಳದ ಗ್ಲೈಕೋಲಿಪಿಡ್: ಅಳೆಯುವುದೇ ಕಷ್ಟವಾದ ಕಥೆ

1885ರಲ್ಲಿ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿದಾಗ ಮೈಯೆಲ್ಲ ಬಣ್ಣ ಹತ್ತಿತು, ಮಿದುಳಿಗೆ ಹತ್ತಲಿಲ್ಲ. 1913ರಲ್ಲಿ ಅವರ ಶಿಷ್ಯ ಗೋಲ್ಡ್‌ಮನ್ ಮಿದುಳಿನ ದ್ರವಕ್ಕೇ ಬಣ್ಣ ಬಿಟ್ಟು ನೋಡಿದರು, ಮಿದುಳು ನೀಲಿಯಾಯಿತು. ರಕ್ತಕ್ಕೂ ಮಿದುಳಿಗೂ ನಡುವಿನ ಈ ತಡೆ ಇರುವುದು ಲೋಮನಾಳದ ಒಳಗೋಡೆಯ ಎಂಡೋಥೀಲಿಯಲ್ ಕೋಶಗಳ ಬಿಗಿ ಬೆಸುಗೆಯಲ್ಲಿ ಎಂದು ರೀಸ್ ಮತ್ತು ಕರ್ನೋವ್‌ಸ್ಕಿ ತೋರಿಸಿದ್ದು 1967ರಲ್ಲಿ.

ಈ ಕೋಶಗಳು ತಮ್ಮ ಗ್ಲೈಕೋಲಿಪಿಡ್ಡನ್ನು, ಅಂದರೆ ಸಕ್ಕರೆ ಅಂಟಿದ ಕೊಬ್ಬನ್ನು, ತಾವೇ ಕಟ್ಟಿಕೊಳ್ಳುತ್ತವೆ. ಅದು ಬಹುಕಾಲ ಕಣ್ಣಿಗೆ ಬೀಳದಿರಲು ಕಾರಣ ಸರಳ: ಸುತ್ತಲಿನ ನರತಂತುಗಳ ಕೊಬ್ಬಿನ ಹೊದಿಕೆಯಾದ ಮಯಲಿನ್‌ನಲ್ಲೇ ಗ್ಲೈಕೋಲಿಪಿಡ್ ರಾಶಿ ರಾಶಿ ಇದೆ. ಅರೆದ ಮಿದುಳನ್ನು ಡೆಕ್ಸ್‌ಟ್ರಾನ್ ದ್ರಾವಣದಲ್ಲಿ ಸೆಂಟ್ರಿಫ್ಯೂಜ್ ಮಾಡಿದರೆ ಮಯಲಿನ್ ತೇಲುತ್ತದೆ, ನಾಳಗಳು ತಳಕ್ಕಿಳಿಯುತ್ತವೆ. ತೇಲಿದ್ದರಲ್ಲಿ ಚೂರು ನಾಳಗಳ ಜೊತೆ ಉಳಿದರೂ ಲೆಕ್ಕವೆಲ್ಲ ಕೆಟ್ಟಂತೆ. ಹಾಗಾಗಿ ಮಿದುಳಿನ ನಾಳಗಳಲ್ಲಿ ಹೇರಳವಾಗಿರುವ ಗಾಮಾ-ಗ್ಲುಟಮೈಲ್ ಟ್ರಾನ್ಸ್‌ಪೆಪ್ಟಿಡೇಸ್ ಕಿಣ್ವ ಎಷ್ಟು ಪಟ್ಟು ಹೆಚ್ಚಿತು ಎಂದು ನೋಡಿ ಶುದ್ಧತೆ ಅಂದಾಜಿಸುತ್ತಾರೆ. ಆದರೆ ನಾಳಕೋಶಗಳನ್ನು ಲ್ಯಾಬಿನಲ್ಲಿ ಆಸ್ಟ್ರೋಸೈಟ್ (ಮಿದುಳಿನ ಪೋಷಕ ಕೋಶ) ಜೊತೆಯಿಲ್ಲದೆ ಬೆಳೆಸಿದರೆ ಆ ಕಿಣ್ವವೇ ಇಳಿದುಹೋಗುತ್ತದೆ.

1980ರ ದಶಕದಲ್ಲಿ ಬಾಹ್ಯ ನರಗಳಲ್ಲಿ ಸಲ್ಫೇಟ್ ಮತ್ತು ಗ್ಲುಕುರೋನಿಕ್ ಆಮ್ಲ ಹೊತ್ತ ಗ್ಲೈಕೋಲಿಪಿಡ್ಡಾದ ಎಸ್‌ಜಿಪಿಜಿ ಪತ್ತೆಯಾಯಿತು. ಕೆಲವು ನರರೋಗಿಗಳ ಪ್ರತಿಕಾಯಗಳು ಅಂಟುತ್ತಿದ್ದುದು ಇದಕ್ಕೇ. 1990ರ ದಶಕದಲ್ಲಿ ಮಿದುಳಿನ ನಾಳಕೋಶಗಳಲ್ಲೂ ಸಿಕ್ಕಿತು. ಉರಿಯೂತದ ಸಂಕೇತವಾದ ಇಂಟರ್‌ಲ್ಯೂಕಿನ್-1 ತಗುಲಿದರೆ ಅದು ಹೆಚ್ಚುತ್ತದೆ, ಬಿಳಿ ರಕ್ತಕೋಶಗಳಿಗೆ ಹಿಡಿತ ಕೊಡುತ್ತದೆ. ಕುತೂಹಲ ಕೆರಳುವುದು ಇಲ್ಲೇ.

ಅದನ್ನು ಕಟ್ಟುವ ಗ್ಲುಕುರೋನಿಲ್ ಟ್ರಾನ್ಸ್‌ಫರೇಸ್ ಕಿಣ್ವವನ್ನು ಅಳೆಯಲು ಕೋಶದ ಮಾದರಿಗೆ ಪಾರಾಗ್ಲೊಬೊಸೈಡ್ (ಕಿಣ್ವ ಆಮ್ಲ ಜೋಡಿಸುವ ಮೂಲ ಲಿಪಿಡ್), ವಿಕಿರಣಶೀಲ ಯುಡಿಪಿ-ಗ್ಲುಕುರೋನಿಕ್ ಆಮ್ಲ, ಮ್ಯಾಂಗನೀಸ್, ಡಿಟರ್ಜೆಂಟ್ ಸೇರಿಸಿ 37 ಡಿಗ್ರಿಯಲ್ಲಿಡಬೇಕು. ಡಿಟರ್ಜೆಂಟ್ ಕಮ್ಮಿಯಾದರೆ ಲಿಪಿಡ್ ಕರಗದು, ಜಾಸ್ತಿಯಾದರೆ ಕಿಣ್ವ ಸಾಯುತ್ತದೆ. ಮೊದಲು ಅದನ್ನೇ ಹಂತ ಹಂತವಾಗಿ ಪರೀಕ್ಷಿಸಿ. ಕುದಿಸಿ ಕಿಣ್ವ ಕೆಡಿಸಿದ ಕೋಶದ ಹೋಲಿಕೆ (ಕಂಟ್ರೋಲ್) ಇಲ್ಲದ ಅಂಕಿಯನ್ನು ನಂಬಬೇಡಿ. ಕಿಣ್ವ ಏರಿದೆ ಎಂದ ಮಾತ್ರಕ್ಕೆ ಲಿಪಿಡ್ ಏರಿತು ಎಂದಾಗದು, ಎರಡನ್ನೂ ಅಳೆಯಬೇಕು. ಕೋಶ ಬೆಳೆಸಲು ಹಾಕುವ ಕರುವಿನ ಸೀರಮ್ಮಿನಲ್ಲೂ ಗ್ಯಾಂಗ್ಲಿಯೊಸೈಡ್ ಎಂಬ ಗ್ಲೈಕೋಲಿಪಿಡ್ ಇರುತ್ತದೆ, ಕೋಶ ಅದನ್ನು ಹೀರುತ್ತದೆ.

ಧಾರವಾಡ, ಬೆಳಗಾವಿಯಿಂದ ಪುಣೆಯ ಲ್ಯಾಬುಗಳಿಗೆ ಬರುವ ನಮ್ಮ ಹುಡುಗರು ಇನ್ನೊಂದನ್ನು ಮರೆಯುತ್ತಾರೆ: ಮಳೆಗಾಲ. ಲಿಪಿಡ್ಡುಗಳನ್ನು ಪಟ್ಟಿಗಳಾಗಿ ಬೇರ್ಪಡಿಸುವ ಸಿಲಿಕಾ ಪ್ಲೇಟು ಗಾಳಿಯ ತೇವ ಹೀರಿದರೆ ಪಟ್ಟಿಗಳು ಜಾಗ ಬದಲಿಸುತ್ತವೆ. ಪ್ಲೇಟನ್ನು 110 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ತಣಿದ ತಕ್ಷಣ ಮಾದರಿ ಹಾಕಿ, ಗೊತ್ತಿರುವ ಲಿಪಿಡ್ಡನ್ನು ಪಕ್ಕದ ಸಾಲಿನಲ್ಲೇ ಓಡಿಸಿ.