ಪದ ಒಂದೇ, ಸಮ್ಮತಿ ಎರಡು: ಮಾನವ ಕಳ್ಳಸಾಗಣೆಗೆ ಸಿಲುಕಿದವರು ಆಸ್ಪತ್ರೆಗೆ ಬಂದಾಗ

ಈ ವಿಷಯ ಓದುವಾಗ ನರ್ಸಿಂಗ್, ಎಂಬಿಬಿಎಸ್ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ‘ಸಮ್ಮತಿ’ ಎಂಬ ಪದದಲ್ಲಿ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ (2024ರ ಜುಲೈ 1ರವರೆಗೆ ಇದು ಐಪಿಸಿ 370) ಹೇಳುವುದು ಇಷ್ಟು: ಬೆದರಿಕೆ, ಬಲವಂತ, ಮೋಸ, ಆಮಿಷ ಅಥವಾ ಅಧಿಕಾರದ ದುರುಪಯೋಗದಿಂದ ಒಬ್ಬರನ್ನು ಶೋಷಣೆಗೆಂದು ಸೇರಿಸಿಕೊಂಡರೂ, ಸಾಗಿಸಿದರೂ, ಇರಿಸಿಕೊಂಡರೂ ಅದು ಕಳ್ಳಸಾಗಣೆ. ‘ಅವರೇ ಒಪ್ಪಿ ಬಂದಿದ್ದರು’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಆದರೆ ಅದೇ ವ್ಯಕ್ತಿ ನಮ್ಮ ಮುಂದೆ ರೋಗಿಯಾಗಿ ಕೂತಾಗ ಅವರ ಒಪ್ಪಿಗೆಯಿಲ್ಲದೆ ಮೈ ಮುಟ್ಟುವಂತಿಲ್ಲ. ಅಪರಾಧವನ್ನು ಅಳೆಯುವಾಗ ಲೆಕ್ಕಕ್ಕೆ ಬಾರದ ಸಮ್ಮತಿ, ಚಿಕಿತ್ಸೆಯಲ್ಲಿ ಮೊದಲ ಹೆಜ್ಜೆ. ಇವೆರಡನ್ನೂ ಬೆರೆಸಿದರೆ ‘ಪಾಪ, ಅವಳಿಗೇನು ತಿಳಿಯುತ್ತದೆ’ ಎಂದು ನಾವೇ ತೀರ್ಮಾನ ಮಾಡತೊಡಗುತ್ತೇವೆ. ಆಕೆಯ ಬದುಕಿನಲ್ಲಿ ಬೇರೆಯವರು ಆವರೆಗೆ ಮಾಡಿದ್ದೂ ಅದನ್ನೇ.

ಗುರುತಿಸುವುದು ಹೇಗೆ? ಒಂದೇ ಲಕ್ಷಣದಿಂದ ಗೊತ್ತಾಗುವುದಿಲ್ಲ. ಜೊತೆಗೆ ಬಂದವನೇ ಎಲ್ಲ ಪ್ರಶ್ನೆಗೂ ಉತ್ತರಿಸುವುದು, ಆಧಾರ್ ಕಾರ್ಡು ಅವನ ಜೇಬಿನಲ್ಲಿರುವುದು, ಗಾಯಕ್ಕೂ ಹೇಳುವ ಕಾರಣಕ್ಕೂ ತಾಳೆಯಾಗದಿರುವುದು, ವಾರಗಟ್ಟಲೆ ಹಳೆಯದಾದ ಸುಟ್ಟಗಾಯ, ತಾನಿರುವ ಊರಿನ ಹೆಸರೇ ಗೊತ್ತಿಲ್ಲದಿರುವುದು: ಇವು ಒಟ್ಟಿಗೆ ಕಂಡರೆ ನಿಲ್ಲಿ. ಲೈಂಗಿಕ ಶೋಷಣೆಯೊಂದನ್ನೇ ಹುಡುಕಬೇಡಿ. ಮುಂಗಡ ತೀರಿಲ್ಲವೆಂದು ಇಟ್ಟಿಗೆ ಗೂಡಿನಿಂದ ಹೊರಗೆ ಬಿಡದ ಕೂಲಿಯವರೂ, ಮನೆಗೆಲಸಕ್ಕೆ ಇಟ್ಟುಕೊಂಡ ಮಕ್ಕಳೂ ಇದರಲ್ಲಿ ಬರುತ್ತಾರೆ.

ಮುಂದಿನ ಕೆಲಸ, ಜೊತೆಗಿರುವವನನ್ನು ಹೊರಗೆ ಕೂರಿಸುವುದು. ಜಗಳವಾಡಿ ಕಳಿಸಿದರೆ ಆ ಸಿಟ್ಟು ಆಮೇಲೆ ತೀರುವುದು ಆಕೆಯ ಮೇಲೆ. ‘ಪರೀಕ್ಷೆ ಮಾಡುವಾಗ ರೋಗಿ ಒಬ್ಬರೇ ಇರಬೇಕು, ಎಲ್ಲರಿಗೂ ಇದೇ ನಿಯಮ’ ಎಂದು ಹೇಳಿ, ನಿಜಕ್ಕೂ ಎಲ್ಲರಿಗೂ ಹಾಗೆಯೇ ಮಾಡಿ. ಬೆಂಗಳೂರಿನ ಸುತ್ತಮುತ್ತ ಕೆಲಸಕ್ಕೆ ಬರುವ ಒಡಿಶಾ, ಜಾರ್ಖಂಡ್, ಬಂಗಾಳದವರ ವಿಷಯದಲ್ಲಿ ಭಾಷೆಯ ತೊಡಕಿದೆ. ಮೇಸ್ತ್ರಿಯನ್ನೇ ದುಭಾಷಿ ಮಾಡಿಕೊಂಡರೆ ನಮಗೆ ಸಿಗುವುದು ಮೇಸ್ತ್ರಿಯ ಹೇಳಿಕೆ, ರೋಗಿಯದಲ್ಲ. ಆ ಭಾಷೆ ಬಲ್ಲ ಸಿಬ್ಬಂದಿಯನ್ನು ಕರೆಸಿ. ಇಲ್ಲದಿದ್ದರೆ ಫೋನಿನಲ್ಲಿ ಬೇರೆಯವರ ನೆರವು ಪಡೆಯಿರಿ. ‘ನಿಮ್ಮನ್ನು ಮಾರಿದ್ದಾರೆಯೇ?’ ಎಂದು ಕೇಳಬೇಡಿ. ‘ಕೆಲಸ ಬಿಡಬೇಕೆನಿಸಿದರೆ ಬಿಡಬಹುದೇ? ಬಿಟ್ಟರೆ ಏನಾಗುತ್ತದೆ? ಮಲಗುವುದೆಲ್ಲಿ? ಸಂಬಳ ಯಾರ ಕೈಗೆ ಬರುತ್ತದೆ?’ ಇಷ್ಟು ಸಾಕು. ಆದರೆ ಇದನ್ನು ಕೇಳುವ ಮೊದಲೇ ಒಂದು ಮಾತು ಹೇಳಿರಬೇಕು: ಯಾವ ಯಾವ ಸಂಗತಿ ಗೊತ್ತಾದರೆ ನಾವು ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ ಎಂಬುದು. ಗುಟ್ಟಾಗಿಡುತ್ತೇವೆಂದು ಮಾತು ಕೊಟ್ಟು ಆಮೇಲೆ ಠಾಣೆಗೆ ಫೋನ್ ಮಾಡುವುದು ವಂಚನೆ.

ತಿಳಿಸಲೇಬೇಕಾದದ್ದು ಯಾವುದು? 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದ್ದರೆ ಪೋಕ್ಸೋ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) 19ನೇ ಕಲಂ ಪ್ರಕಾರ ಕಡ್ಡಾಯ. ತಿಳಿಸದಿದ್ದರೆ 21ನೇ ಕಲಂ ಅಡಿ 6 ತಿಂಗಳವರೆಗೆ ಸೆರೆ, ದಂಡ, ಅಥವಾ ಎರಡೂ. ಅತ್ಯಾಚಾರ, ಆಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ಕೊಟ್ಟು ಪೊಲೀಸರಿಗೆ ಕೂಡಲೇ ತಿಳಿಸಬೇಕು (ನಾಗರಿಕ ಸುರಕ್ಷಾ ಸಂಹಿತೆ, 397). ಆದರೆ ತಿಳಿಸುವುದು ನಮ್ಮ ಕರ್ತವ್ಯವೇ ಹೊರತು ಹೇಳಿಕೆ ಕೊಡುವುದು ಆಕೆಯ ಮೇಲಿನ ಹೊರೆಯಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಇದನ್ನು ಬಿಡಿಸಿಟ್ಟಿದೆ: ಚಿಕಿತ್ಸೆ, ಪರೀಕ್ಷೆ, ಸಾಕ್ಷ್ಯ ಸಂಗ್ರಹ, ಪೊಲೀಸರಿಗೆ ಮಾಹಿತಿ, ಪ್ರತಿಯೊಂದಕ್ಕೂ ಬೇರೆ ಬೇರೆ ಒಪ್ಪಿಗೆ. ಒಂದಕ್ಕೆ ಹೂಂ, ಇನ್ನೊಂದಕ್ಕೆ ಬೇಡ ಎನ್ನಬಹುದು. ಆಕೆ ಪೊಲೀಸ್ ಕೇಸು ಬೇಡವೆಂದರೂ ತಿಳಿಸುವ ನಮ್ಮ ಕರ್ತವ್ಯ ತಪ್ಪುವುದಿಲ್ಲ; ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಮಾಡಿ, ಎಲ್ಲ ತಿಳಿದು ನಿರಾಕರಿಸಿದ್ದಾರೆಂದು ಬರೆದುಕೊಳ್ಳಿ. ಚಿಕಿತ್ಸೆ ಮಾತ್ರ ನಿಲ್ಲಬಾರದು.

ಇಲ್ಲಿ ಪದೇಪದೇ ಆಗುವ ಒಂದು ತಪ್ಪಿದೆ. ‘ಶೋಷಣೆ ಶುರುವಾಗಿ ಆರು ತಿಂಗಳಾಯಿತು’ ಎಂದು ಕೇಳಿದ ಕೂಡಲೇ ಸ್ವಾಬ್ (ಸಾಕ್ಷ್ಯಕ್ಕೆಂದು ಹತ್ತಿಯ ಕಡ್ಡಿಯಿಂದ ದೇಹದಿಂದ ಪಡೆಯುವ ಮಾದರಿ) ತೆಗೆಯುವುದನ್ನು ಬಿಟ್ಟುಬಿಡುತ್ತಾರೆ. ಗಡಿಯಾರ ಎಣಿಸಬೇಕಾದದ್ದು ಮೊದಲ ಘಟನೆಯಿಂದಲ್ಲ, ಕೊನೆಯ ಘಟನೆಯಿಂದ. ಅದಾಗಿ 96 ಗಂಟೆ ಮೀರಿಲ್ಲವೆಂದರೆ ಸ್ವಾಬ್ ತೆಗೆಯಬೇಕು. ತೆಗೆದದ್ದನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಲಕೋಟೆಗೆ ಹಾಕಿ. ಒದ್ದೆಯಾಗಿ ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೂಷ್ಟು ಹಿಡಿದು ಸಾಕ್ಷ್ಯವೇ ಹೋಗುತ್ತದೆ. ಎಚ್‌ಐವಿ ತಡೆ ಔಷಧ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ಬಿಡದೆ ನುಂಗಬೇಕು. ಗರ್ಭ ತಡೆಗೆ ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ ಒಂದೇ ಬಾರಿ, ಬೇಗ ಕೊಟ್ಟಷ್ಟೂ ಪರಿಣಾಮ ಹೆಚ್ಚು. ಗರ್ಭ ನಿಂತಿದ್ದರೆ, ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ ಅತ್ಯಾಚಾರಕ್ಕೊಳಗಾದವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರಗಳವರೆಗೆ ಗರ್ಭಪಾತಕ್ಕೆ ಅವಕಾಶವಿದೆ. ಎರಡು ಬೆರಳಿನ ಪರೀಕ್ಷೆ (ಯೋನಿಯೊಳಗೆ ಬೆರಳಿಟ್ಟು ಲೈಂಗಿಕ ಅನುಭವ ಇದೆಯೇ ಎಂದು ನೋಡುವುದು) ಮಾಡಲೇಬಾರದು. ಮಾಡಿದವರದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆಕೆ ಲೈಂಗಿಕ ವೃತ್ತಿಯಲ್ಲಿದ್ದರೂ ಇದರಲ್ಲಿ ಯಾವುದೂ ಬದಲಾಗುವುದಿಲ್ಲ.

ವಯಸ್ಸಿನ ವಿಷಯ ಬಹಳ ಸೂಕ್ಷ್ಮ. ಕರೆತಂದವನು ‘ಹತ್ತೊಂಬತ್ತು’ ಎಂದೇ ಹೇಳುತ್ತಾನೆ. ಬಾಲನ್ಯಾಯ ಕಾಯ್ದೆಯ 94ನೇ ಕಲಂ ಪ್ರಕಾರ ಶಾಲೆಯ ದಾಖಲೆ ಮೊದಲು, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ಮೂಳೆಯ ಎಕ್ಸ್‌ರೇ. ಎಕ್ಸ್‌ರೇ ಲೆಕ್ಕ ಎರಡು ವರ್ಷ ಆಚೀಚೆ ಆಗಬಹುದೆಂದು ಸುಪ್ರೀಂ ಕೋರ್ಟ್ 1982ರಲ್ಲೇ ಒಪ್ಪಿದೆ. ಆದ್ದರಿಂದ ‘18 ದಾಟಿದೆ’ ಎಂದು ಒಂದೇ ಸಾಲು ಗೀಚಬೇಡಿ. ‘16ರಿಂದ 20ರ ನಡುವೆ’ ಎಂಬಂತೆ ಅಂತರವನ್ನೇ ಬರೆಯಿರಿ. ನಿಮ್ಮ ಆ ಒಂದು ಸಾಲು ಒಂದು ಮಗುವನ್ನು ಪೋಕ್ಸೋ ರಕ್ಷಣೆಯಿಂದ ಹೊರಗೆ ತಳ್ಳಬಹುದು.

ಕೇಸ್ ಶೀಟಿನಲ್ಲಿ ‘ಕಳ್ಳಸಾಗಣೆಯ ಬಲಿಪಶು’ ಎಂದು ತೀರ್ಪು ಬರೆಯುವುದು ನಮ್ಮ ಕೆಲಸವಲ್ಲ. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ, ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಗಾಯದ ಅಳತೆ, ಬಣ್ಣ, ಜಾಗವನ್ನು ದೇಹದ ನಕ್ಷೆಯಲ್ಲಿ ಗುರುತಿಸಿ. ‘ರೋಗಿ ಸಹಕರಿಸಲಿಲ್ಲ’ ಎಂದು ಬರೆಯುವ ಅಭ್ಯಾಸ ಬಿಡಿ. ಹೆದರಿ ನಡುಗುತ್ತಿದ್ದರೆ ನಡುಗುತ್ತಿದ್ದರು ಎಂದೇ ಬರೆಯಿರಿ.

ಏನೂ ಹೇಳದೆ, ಅವನ ಜೊತೆಗೇ ವಾಪಸು ಹೊರಟರೆ? ವಯಸ್ಕರಾದರೆ ಬಲವಂತವಾಗಿ ತಡೆಯುವಂತಿಲ್ಲ, ಎಷ್ಟೇ ಸಂಕಟವಾದರೂ. ಸಹಾಯವಾಣಿಯ ಚೀಟಿ ಕೈಗೆ ಕೊಡಬೇಡಿ, ಅವನು ಜೇಬು ತಡಕುತ್ತಾನೆ. ಮಹಿಳಾ ಸಹಾಯವಾಣಿ 181, ತುರ್ತು ಸಹಾಯಕ್ಕೆ 112, ಎರಡೇ ಸಂಖ್ಯೆ, ಬಾಯಿಪಾಠ ಮಾಡಿಸಿ, ಮಕ್ಕಳಿಗೆ 1098. ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಜಿಲ್ಲೆಯ ‘ಸಖಿ’ ಕೇಂದ್ರ ಎಲ್ಲಿದೆ ಎಂದು ಬಾಯಲ್ಲೇ ಹೇಳಿ. ಡ್ರೆಸ್ಸಿಂಗ್ ಬದಲಿಸಲು ಮೂರು ದಿನ ಬಿಟ್ಟು ಬರಲೇಬೇಕೆಂದು ಜೊತೆಗಿರುವವನ ಎದುರಿಗೇ ಹೇಳಿ, ಚೀಟಿಯಲ್ಲೂ ಬರೆದುಕೊಡಿ. ಆ ದಿನದ ಡ್ಯೂಟಿಯ ಸಿಸ್ಟರ್‌ಗೆ ವಿಷಯ ತಿಳಿಸಿಡಿ.