ಹದಿಹರೆಯದ ಮಕ್ಕಳೊಂದಿಗೆ ಕ್ರೂಸ್: ಬುಕಿಂಗ್‌ಗೆ ಮೊದಲೇ ಇತ್ಯರ್ಥವಾಗಬೇಕಾದ್ದು

ಹದಿಮೂರರಿಂದ ಹದಿನೇಳರ ಮಕ್ಕಳು ಕ್ರೂಸ್ ಹಡಗಿನ ನಿಯಮಗಳಲ್ಲಿ ಅತ್ತ ದೊಡ್ಡವರೂ ಅಲ್ಲ, ಇತ್ತ ಚಿಕ್ಕವರೂ ಅಲ್ಲ. ಟಿಕೆಟ್ ದರ ಹೆಚ್ಚಾಗಿ ದೊಡ್ಡವರದ್ದೇ, ಆದರೆ ಬಾರ್ ಮತ್ತು ಕ್ಯಾಸಿನೊಗೆ ಪ್ರವೇಶವಿಲ್ಲ. ಮಕ್ಕಳ ಆಟದ ಕೋಣೆಯಲ್ಲಿ ಚಿಣ್ಣರ ನಡುವೆ ಕೂರಲು ಅವರಿಗೇ ಮನಸ್ಸಿರುವುದಿಲ್ಲ. ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೊರಡುವ ಹಡಗಿನ ಬಗ್ಗೆ ಡೊಂಬಿವಲಿ, ಮುಲುಂಡ್, ಪುಣೆಯ ನಮ್ಮ ಕನ್ನಡ ಕುಟುಂಬಗಳು ವಿಚಾರಿಸುವಾಗ ಮೊದಲ ಪ್ರಶ್ನೆ ಸಸ್ಯಾಹಾರದ್ದು. ಅದು ಸಿಗುತ್ತದೆ, ಚಿಂತೆ ಬೇಡ. ಮೊದಲು ಕೇಳಬೇಕಾದ್ದು ಕ್ಯಾಬಿನ್ ವಿಷಯ.

"ನಾಲ್ವರಿಗೆ ಒಂದು ಕ್ಯಾಬಿನ್" ಎಂದರೆ ಸಾಮಾನ್ಯವಾಗಿ ಕೆಳಗೆ ಎರಡು ಹಾಸಿಗೆ, ಜೊತೆಗೆ ಗೋಡೆಯಿಂದಲೋ ಚಾವಣಿಯಿಂದಲೋ ಮಡಚಿ ಇಳಿಸುವ ಎರಡು ಬರ್ತ್. ಈ ಮೇಲಿನ ಬರ್ತ್ ರೈಲಿನ ಅಪ್ಪರ್ ಬರ್ತ್ ಇದ್ದಂತೆ: ಎಂಟು ವರ್ಷದ ಮಗುವಿಗೆ ಸಂಭ್ರಮ, ಆರಡಿ ಮುಟ್ಟುತ್ತಿರುವ ಹುಡುಗನಿಗೆ ಶಿಕ್ಷೆ. ಅದನ್ನು ಇಳಿಸಿದ ಮೇಲೆ ಸೂಟ್‌ಕೇಸ್ ಬಿಚ್ಚಿಡಲೂ ಜಾಗ ಉಳಿಯುವುದಿಲ್ಲ. ಬಚ್ಚಲು ಒಂದೇ, ಅದೂ ಒಬ್ಬರು ನಿಂತರೆ ತುಂಬುವಷ್ಟು. ಬಟ್ಟೆ ಬದಲಿಸಲು ಹದಿನೈದರ ಹುಡುಗಿ ಪ್ರತಿ ಸಲ ಎಲ್ಲರನ್ನೂ ಹೊರಗೆ ಕಳಿಸಬೇಕಾಗುತ್ತದೆ. ಇಡೀ ಪ್ರವಾಸದ ಮುನಿಸು ಇಲ್ಲಿಂದಲೇ ಶುರುವಾಗುತ್ತದೆ.

ಆದ್ದರಿಂದ ಬಾಲ್ಕನಿ ಇರುವ ಒಂದು ಕ್ಯಾಬಿನ್‌ಗೆ ಹಣ ಹಾಕುವ ಬದಲು, ಕಿಟಕಿಯಿಲ್ಲದ ಎರಡು ಒಳ ಕ್ಯಾಬಿನ್‌ಗಳನ್ನು ಅಕ್ಕಪಕ್ಕದಲ್ಲಿ ಅಥವಾ ಎದುರುಬದುರಾಗಿ ತೆಗೆದುಕೊಳ್ಳಿ ಎನ್ನುವುದು ನಮ್ಮ ಸ್ಪಷ್ಟ ಸಲಹೆ. ಎರಡೂ ಬಗೆಯ ಒಟ್ಟು ಮೊತ್ತವನ್ನು ಬರೆಸಿಕೊಂಡೇ ಹೋಲಿಸಿ. ಮೂರನೆಯ, ನಾಲ್ಕನೆಯ ಪ್ರಯಾಣಿಕರಿಗೆ "ಉಚಿತ" ಎಂದಿದ್ದರೂ ಬಂದರು ಶುಲ್ಕ, ಸೇವಾ ಶುಲ್ಕ, ತೆರಿಗೆಗಳು ತಲೆಗಿಷ್ಟು ಎಂದು ಬಿದ್ದೇ ಬೀಳುತ್ತವೆ. ಪ್ರತಿ ಕ್ಯಾಬಿನ್‌ನಲ್ಲೂ ಒಬ್ಬ ವಯಸ್ಕರ ಹೆಸರಿರಬೇಕು ಎಂಬ ನಿಯಮ ಅನೇಕ ಕಂಪನಿಗಳಲ್ಲಿದೆ. ಹಾಗಿದ್ದರೆ ಅಪ್ಪ-ಮಗ ಒಂದರಲ್ಲಿ, ಅಮ್ಮ-ಮಗಳು ಇನ್ನೊಂದರಲ್ಲಿ ಎಂದು ಬುಕ್ ಮಾಡಿ. ಕ್ಯಾಬಿನ್ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಇರಲಿ. ಮೂತಿಯ ಕಡೆ ಮತ್ತು ಮೇಲಿನ ಡೆಕ್‌ಗಳಲ್ಲಿ ಓಲಾಟ ಹೆಚ್ಚು. ವಾಕರಿಕೆಯ ಮಾತ್ರೆಯನ್ನು ವೈದ್ಯರನ್ನು ಕೇಳಿ ಹಡಗು ಹೊರಡುವ ಮೊದಲೇ ಕೊಡಬೇಕು, ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮಲಗಿ ಮೊಬೈಲ್ ನೋಡುತ್ತಿದ್ದರೆ ತಲೆಸುತ್ತು ಜಾಸ್ತಿಯಾಗುತ್ತದೆ. ಡೆಕ್‌ಗೆ ಕರೆತಂದು ದಿಗಂತ ನೋಡಿಸಿ.

ಮೊಬೈಲ್ ವಿಷಯದಲ್ಲಿ ಹಣ ಹೋಗುವುದು ಗೊತ್ತೇ ಆಗುವುದಿಲ್ಲ. ದಡ ದೂರವಾದಂತೆ ನಮ್ಮ ಸಿಗ್ನಲ್ ಕಡಿದುಹೋಗಿ, ಹಡಗಿನ ಉಪಗ್ರಹ ನೆಟ್‌ವರ್ಕ್ ಇದ್ದರೆ ಫೋನ್ ತಾನಾಗಿಯೇ ಅದಕ್ಕೆ ಅಂಟಿಕೊಳ್ಳುತ್ತದೆ. ಅದರ ರೋಮಿಂಗ್ ದರ ದೇಶದೊಳಗಿನ ಪ್ಯಾಕ್‌ಗೆ ಸೇರುವುದಿಲ್ಲ. ಪೋಸ್ಟ್‌ಪೇಯ್ಡ್ ಸಂಪರ್ಕದಲ್ಲಿ ಫೋಟೊಗಳ ಬ್ಯಾಕಪ್ ತೆರೆಮರೆಯಲ್ಲಿ ನಡೆಯುತ್ತಲೇ ಇದ್ದರೆ ಬಿಲ್ ಏರುತ್ತದೆ. ಹಡಗು ದಕ್ಕೆ ಬಿಡುವಾಗಲೇ ಮಕ್ಕಳ ಫೋನ್‌ಗಳಲ್ಲಿ ಡೇಟಾ ರೋಮಿಂಗ್ ಆಫ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ, ಬೇಕಿದ್ದರೆ ವೈಫೈ ಮಾತ್ರ ತೆರೆಯಿರಿ. ವಾಟ್ಸ್ಆ್ಯಪ್ ಇಲ್ಲದೆ ಮಕ್ಕಳನ್ನು ಹುಡುಕುವುದು ಹೇಗೆ? ಕ್ಯಾಬಿನ್ ಫೋನ್ ಇದೆ. ಎರಡೂ ಕ್ಯಾಬಿನ್‌ಗಳ ನಂಬರ್ ಚೀಟಿಯಲ್ಲಿ ಬರೆದು ಅವರ ಕೀಕಾರ್ಡ್ ಜೊತೆ ಇಡಿ. ಮಧ್ಯಾಹ್ನದ ಊಟಕ್ಕೆ ಇಷ್ಟು ಗಂಟೆಗೆ ಇಂಥ ಡೆಕ್‌ನಲ್ಲಿ, ರಾತ್ರಿ ಇಷ್ಟು ಗಂಟೆಗೆ ಕ್ಯಾಬಿನ್‌ನಲ್ಲಿ ಎಂದು ಎರಡು ಸಮಯ ಗೊತ್ತು ಮಾಡಿದರೆ ಸಾಕು, ನಡುವೆ ಅವರನ್ನು ಅವರ ಪಾಡಿಗೆ ಬಿಡಿ. ಈ ವಯಸ್ಸಿನವರಿಗೆ ಕ್ರೂಸ್ ಇಷ್ಟವಾಗುವುದೇ ಈ ಸ್ವಾತಂತ್ರ್ಯಕ್ಕೆ. ಆದರೆ ಸುರಕ್ಷತಾ ಡ್ರಿಲ್‌ಗೆ ನಾಲ್ವರೂ ಹೋಗಲೇಬೇಕು. ಏಳು ಚಿಕ್ಕ ಸೈರನ್, ಆಮೇಲೆ ಒಂದು ಉದ್ದನೆಯದು ಕೇಳಿದರೆ ಅಪ್ಪ-ಅಮ್ಮನನ್ನು ಹುಡುಕುತ್ತ ಅಲೆಯದೆ ನೇರ ತಮ್ಮ ಮಸ್ಟರ್ ಸ್ಟೇಷನ್‌ಗೆ (ತುರ್ತಿನಲ್ಲಿ ಸೇರಬೇಕಾದ ಜಾಗ) ಬರಬೇಕು ಎಂದು ಒತ್ತಿ ಹೇಳಿ.

ಗುರುತಿನ ಚೀಟಿಯಲ್ಲಿ ನಮ್ಮವರಿಗೆ ವಿಶೇಷ ತೊಡಕೊಂದಿದೆ. ಇಲ್ಲಿನ, ಅಂದರೆ ಮಹಾರಾಷ್ಟ್ರದ, ಶಾಲೆಯ ದಾಖಲೆಯಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಎಂದಿರುತ್ತದೆ. ಕರ್ನಾಟಕದ ಊರಲ್ಲಿ ಮಾಡಿಸಿದ ಆಧಾರ್‌ನಲ್ಲಿ ಹೆಸರಿನ ಜೊತೆ ಒಂದು ಇನಿಷಿಯಲ್ ಅಷ್ಟೆ. ಬಂದರಿನಲ್ಲಿ ಯಾವ ಚೀಟಿ ತೋರಿಸುತ್ತೀರೋ ಅದರಲ್ಲಿರುವಂತೆಯೇ ಟಿಕೆಟ್‌ನಲ್ಲೂ ಹೆಸರು ಬರೆಸಿ. ಅಜ್ಜ-ಅಜ್ಜಿಯೋ ಸೋದರಮಾವನೋ ಕರೆದೊಯ್ಯುವುದಾದರೆ ತಂದೆ-ತಾಯಿಯ ಸಹಿಯಿರುವ ಒಪ್ಪಿಗೆ ಪತ್ರ ಜೊತೆಗಿರಲಿ.

ಹಡಗು ಹತ್ತುವುದು ಮುಂಬೈಯ ಬಲ್ಲಾರ್ಡ್ ಪಿಯರ್ ಕಡೆಯಿಂದ, ಸಿಎಸ್ಎಂಟಿ ರೈಲು ನಿಲ್ದಾಣಕ್ಕೆ ಹತ್ತಿರ. ಭಾನುವಾರ ಹೊರಡುವವರು ಮಧ್ಯ ರೈಲ್ವೆಯ ಮೆಗಾಬ್ಲಾಕ್ (ದುರಸ್ತಿಗಾಗಿ ಲೋಕಲ್ ರೈಲುಗಳನ್ನು ತಡೆಯುವ ಅವಧಿ) ನೋಡಿಕೊಳ್ಳಿ. ಪುಣೆಯವರಿಗೆ ವಾರಾಂತ್ಯದ ಘಾಟಿ ರಸ್ತೆಗಿಂತ ಬೆಳಗಿನ ಡೆಕ್ಕನ್ ಕ್ವೀನ್ ರೈಲು ಹೆಚ್ಚು ನಂಬಿಕೆಯದು. ಕಾರೇ ಬೇಕೆಂದರೆ ಅಟಲ್ ಸೇತುವಿನಿಂದ ಶಿವಡಿಗೆ ಬಂದು ಈಸ್ಟರ್ನ್ ಫ್ರೀವೇ ಹಿಡಿಯಿರಿ.

ಗೋವಾದಲ್ಲಿ ಹಡಗು ನಿಲ್ಲುವುದು ವಾಸ್ಕೊದ ಮುರ್ಮಗೋವಾ ಬಂದರಿನಲ್ಲಿ. ಮಕ್ಕಳ ಬಾಯಲ್ಲಿರುವುದು ಕಲಂಗುಟ್, ಬಾಗಾ. ಅವು 40 ಕಿ.ಮೀ.ಗೂ ದೂರ, ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಬೋಗ್ಮಾಲೊ ಕಡಲತೀರ ಹತ್ತಿರ. ಅದೇ ದಾರಿಯ ನೌಕಾಪಡೆ ವಿಮಾನ ಸಂಗ್ರಹಾಲಯದಲ್ಲಿ ಸೀ ಹ್ಯಾರಿಯರ್ ಯುದ್ಧವಿಮಾನವನ್ನು ಹತ್ತಿರದಿಂದ ನೋಡಬಹುದು, ಸೋಮವಾರ ರಜೆ. ಬಾಡಿಗೆ ಸ್ಕೂಟರನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ. ಅಪ್ರಾಪ್ತರು ಓಡಿಸಿ ಅಪರಾಧವಾದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಡಿ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ವಾಪಸ್ ಹತ್ತುವ ಕೊನೆಯ ಸಮಯ ಹಡಗು ಹೊರಡುವ ಸಮಯಕ್ಕಿಂತ ಮೊದಲೇ ಇರುತ್ತದೆ. ಗ್ಯಾಂಗ್‌ವೇ (ಹಡಗು ಹತ್ತಿಳಿಯುವ ದಾರಿ) ಬಳಿಯ ಫಲಕದಲ್ಲಿ ಅದನ್ನು ಬರೆದಿರುತ್ತಾರೆ. ಇಳಿಯುವಾಗ ಮಕ್ಕಳ ಕೈಯಲ್ಲೇ ಅದರ ಫೋಟೊ ತೆಗೆಸಿ.